ಕಪ್ಪು ಪುಡಿಗೆ ಹೆಸರಿಟ್ಟವನು

ಕಳೆದ ಸೆಮಿಸ್ಟರ್‌ನಲ್ಲಿ ನಾನೊಂದು ಸುಳ್ಳು ಬರೆದೆ. ಲ್ಯಾಬ್ ರೆಕಾರ್ಡಿನಲ್ಲಿ ಎರಡೇ ಎರಡು ಅಂಕಿ. ಯಾರಿಗೂ ಅದರಿಂದ ನಷ್ಟವಾಗಲಿಲ್ಲ, ಯಾರೂ ಕೇಳಲೂ ಇಲ್ಲ. ಆದರೂ ಅದು ಚಪ್ಪಲಿಯೊಳಗೆ ಸಿಕ್ಕಿದ ಹರಳಿನಂತೆ ಚುಚ್ಚುತ್ತಲೇ ಇತ್ತು.

ಪ್ರಯೋಗ ಇಷ್ಟೇ. ರಸ್ತೆಗೆ ಹಾಕುವ ಬಿಟುಮೆನ್, ಅಂದರೆ ನಮ್ಮೂರಲ್ಲಿ ಎಲ್ಲರೂ ಡಾಂಬರು ಅನ್ನುವ ಆ ಕಪ್ಪು ಅಂಟು, ಅದರಲ್ಲಿ ಆಸ್ಫಾಲ್ಟೀನ್ ಎಷ್ಟಿದೆ ಎಂದು ಕಂಡುಹಿಡಿಯಬೇಕು. ಸ್ವಲ್ಪ ಬಿಟುಮೆನ್ ತೂಗಿ, ಹೆಪ್ಟೇನ್ ಎಂಬ ದ್ರಾವಕದಲ್ಲಿ ಕುದಿಸಿ, ಕತ್ತಲ ಕಪಾಟಿನಲ್ಲಿ ಇಟ್ಟು, ಆಮೇಲೆ ಸೋಸಬೇಕು. ಫಿಲ್ಟರ್ ಪೇಪರಿನ ಮೇಲೆ ಕಾಡಿಗೆಯಂಥ ಪುಡಿ ಉಳಿಯುತ್ತದೆ. ಅದನ್ನು ಬಿಸಿ ಹೆಪ್ಟೇನ್‌ನಿಂದ ಚೆನ್ನಾಗಿ ತೊಳೆದು, ಟಾಲ್ವಿನ್‌ನಲ್ಲಿ ಕರಗಿಸಿ, ಟಾಲ್ವಿನ್ ಆರಿಸಿ ತೂಗಿದರೆ ಉತ್ತರ. ನನಗೂ ನನ್ನ ಪಾರ್ಟ್ನರ್‌ಗೂ ಮೊದಲ ಸಲ ಶೇ 11 ಬಂತು. ಅದೇ ಡಬ್ಬಿಯ ಅದೇ ಬಿಟುಮೆನ್‌ಗೆ ಎರಡನೇ ಸಲ ಶೇ 17. ಮೂರನೇ ಸಲ ಮಾಡಲು ಸಮಯ ಇರಲಿಲ್ಲ. ಸೀನಿಯರ್ ಒಬ್ಬರ ಹಳೆಯ ರೆಕಾರ್ಡ್ ತೆಗೆದು ನೋಡಿದೆವು. ಅಲ್ಲಿ 12 ಚಿಲ್ಲರೆ ಇತ್ತು. ನಾನು 12.1 ಮತ್ತು 12.4 ಎಂದು ಬರೆದೆ. ಸಹಿ ಬಿತ್ತು.

ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಅಂಕಿಯನ್ನು ನೋಡಲೇ ಇಲ್ಲ. ಆಸ್ಫಾಲ್ಟೀನ್ ಎಂಬ ಹೆಸರು ಕೊಟ್ಟವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆದು ನಿಂತೆ. ಫ್ರಾನ್ಸಿನ ಒಬ್ಬ ರೈತ, ಹೋಗಿ ಓದು ಅಂದರು. ರೈತ ಅಂದದ್ದು ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ನಾನು ಸಿಂದಗಿ ಕಡೆಯ ಎರೆನೆಲದ ಮನೆಯವನು. ಆ ಒಂದು ಪದಕ್ಕಾಗಿಯೇ ಲೈಬ್ರರಿಗೆ ಹೋದೆ.

ಹೆಸರು ಜ್ಯಾನ್ ಬ್ಯಾಪ್ಟಿಸ್ಟ್ ಬೂಸೆಂಗೊ. ಇಂಗ್ಲಿಷಿನಲ್ಲಿ ಬರೆದಿದ್ದನ್ನು ನೋಡಿ ನಾನು ಎರಡು ದಿನ ಬೌಸಿಂಗಾಲ್ಟ್ ಎಂದೇ ಓದಿಕೊಂಡಿದ್ದೆ. ಫ್ರೆಂಚರು ಅಕ್ಷರಗಳನ್ನು ಬರೆಯುತ್ತಾರೆ, ಅರ್ಧವನ್ನು ನುಂಗುತ್ತಾರೆ.

ಆತ ಹುಟ್ಟಿದ್ದು 19ನೇ ಶತಮಾನದ ಬಾಗಿಲಲ್ಲಿ, ಪ್ಯಾರಿಸ್‌ನ ಬಡವರ ಕೇರಿಯಲ್ಲಿ. ಅಪ್ಪನದು ಸಣ್ಣ ಅಂಗಡಿ. ಶಾಲೆ ರುಚಿಸದೆ ಅರ್ಧಕ್ಕೆ ಬಿಟ್ಟ. ಆದರೆ ಪ್ಯಾರಿಸ್‌ನಲ್ಲಿ ಆಗ ದೊಡ್ಡ ವಿಜ್ಞಾನಿಗಳ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಹುಡುಗ ಅಲ್ಲಿ ಹೋಗಿ ಕೂತ. ಮುಂದೆ ಸೇಂತ್ ಎತಿಯೆನ್ ಎಂಬ ಊರಿನ ಗಣಿ ಶಾಲೆಯಲ್ಲಿ ಕಲಿತ. ಕಲಿತು ಹೊರಬಂದವನಿಗೆ ಸ್ವಲ್ಪ ಕಾಲ ಆಲ್ಸೇಸ್ ಪ್ರಾಂತದ ಗಣಿಯೊಂದರಲ್ಲಿ ಕೆಲಸ ಸಿಕ್ಕಿತು. ಮಣ್ಣಿನಿಂದ ಬಿಟುಮೆನ್ ಜಿನುಗುವ ನೆಲ ಅದು. ಆ ನೆಲ ಮತ್ತೆ ಆತನ ಬದುಕಿಗೆ ಬರುತ್ತದೆ.

ಸುಮಾರು ನನ್ನ ವಯಸ್ಸಿಗೆ, 1822ರಲ್ಲಿ, ಆತ ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋದ. ಸಿಮೋನ್ ಬೊಲಿವಾರ್ ಸ್ಪೇನ್ ವಿರುದ್ಧ ಹೋರಾಡಿ ಕಟ್ಟುತ್ತಿದ್ದ ಹೊಸ ದೇಶಕ್ಕೆ ಗಣಿ ಬಲ್ಲವರು, ಪಾಠ ಹೇಳುವವರು ಬೇಕಾಗಿದ್ದರು. ಆಗಿನ ಕಾಲದ ದೊಡ್ಡ ಪ್ರವಾಸಿ ವಿಜ್ಞಾನಿ ಹಂಬೋಲ್ಟ್ ಈ ಹುಡುಗನ ಬೆನ್ನಿಗೆ ನಿಂತ. ನಮ್ಮ ಕ್ಲಾಸಿನಲ್ಲಿ ಪ್ಲೇಸ್‌ಮೆಂಟ್ ಅಂದರೆ ಬೆಂಗಳೂರೋ ಪುಣೆಯೋ ಎಂಬ ಚರ್ಚೆ. ಆತನದು ಯುದ್ಧ ಇನ್ನೂ ಮುಗಿಯದ ದೇಶಕ್ಕೆ, ವಾಯುಭಾರಮಾಪಕಗಳನ್ನು ಹೊತ್ತುಕೊಂಡು.

ಅಲ್ಲಿ ಹತ್ತು ವರ್ಷ ಇದ್ದ. ಗಣಿ ನೋಡಿದ, ಬೆಟ್ಟಗಳ ಎತ್ತರ ಅಳೆದ, ಬಿಸಿನೀರಿನ ಬುಗ್ಗೆಗಳ ನೀರನ್ನು ಪರೀಕ್ಷಿಸಿದ. 1831ರ ಡಿಸೆಂಬರ್‌ನಲ್ಲಿ ಹಾಲ್ ಎಂಬ ಕರ್ನಲ್ ಜೊತೆಗೆ ಚಿಂಬೊರಾಸೊ ಪರ್ವತವನ್ನು ಸುಮಾರು 6,000 ಮೀಟರ್‌ವರೆಗೆ ಹತ್ತಿದ. ತುದಿ ಮುಟ್ಟಲಿಲ್ಲ, ಆದರೆ ಅದೇ ಬೆಟ್ಟದಲ್ಲಿ ಹಂಬೋಲ್ಟ್ ತಲುಪಿದ್ದಕ್ಕಿಂತ ಮೇಲೆ ಹೋಗಿದ್ದ. ಜೀವನಚರಿತ್ರೆ ಬರೆಯುವವರಿಗೆಲ್ಲ ಈ ಬೆಟ್ಟ ಬಹಳ ಪ್ರಿಯ. ನನಗೆ ಹಿಡಿಸಿದ್ದು ಉಪ್ಪಿನ ಕಥೆ. ಆಂಡಿಸ್ ಸೀಮೆಯ ಎಷ್ಟೋ ಊರುಗಳಲ್ಲಿ ಜನರಿಗೆ ಗಳಗಂಡ, ಕುತ್ತಿಗೆಯಲ್ಲಿ ದೊಡ್ಡ ಗಡ್ಡೆ. ಕೆಲವು ಊರುಗಳಲ್ಲಿ ಮಾತ್ರ ಅದರ ಸುಳಿವಿಲ್ಲ. ಆ ಊರಿನವರು ಬಳಸುವ ಉಪ್ಪು ಬೇರೆ ಬುಗ್ಗೆಯದು. ಬೂಸೆಂಗೊ ಆ ಉಪ್ಪನ್ನು ಪರೀಕ್ಷಿಸಿದಾಗ ಅದರಲ್ಲಿ ಅಯೋಡಿನ್ ಸಿಕ್ಕಿತು. ಅಂಥ ಉಪ್ಪನ್ನು ಎಲ್ಲರಿಗೂ ಕೊಟ್ಟರೆ ಗಳಗಂಡ ತಡೆಯಬಹುದೆಂದು ಆತ 1830ರ ದಶಕದಲ್ಲೇ ಬರೆದ. ದೇಶಗಳು ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚತೊಡಗಿದ್ದು 1920ರ ದಶಕದಲ್ಲಿ. ಹೆಚ್ಚುಕಡಿಮೆ ತೊಂಬತ್ತು ವರ್ಷ ಆ ಮಾತು ಕಾಗದದಲ್ಲೇ ಕೂತಿತ್ತು. ನಮ್ಮ ಮನೆಯ ಉಪ್ಪಿನ ಪ್ಯಾಕೆಟ್ಟನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ.

1832ರಲ್ಲಿ ಫ್ರಾನ್ಸಿಗೆ ಮರಳಿದ. 1835ರಲ್ಲಿ ಅಡೇಲ್ ಲ ಬೆಲ್ ಎಂಬುವಳನ್ನು ಮದುವೆಯಾದ. ಅವಳ ತವರು ಆಲ್ಸೇಸಿನ ಪೆಶೆಲ್‌ಬ್ರಾನ್. ಆ ಹೆಸರಿನಲ್ಲೇ ಬಿಟುಮೆನ್ ಇದೆ: ಅಂಟಿನ ಬುಗ್ಗೆ ಎಂಬಂಥ ಅರ್ಥ. 15ನೇ ಶತಮಾನದ ಕೊನೆಯಿಂದಲೇ ಅಲ್ಲಿ ನೀರಿನ ಮೇಲೆ ಎಣ್ಣೆ ತೇಲುವುದನ್ನು ಜನ ಬಲ್ಲರು. ಲ ಬೆಲ್ ಮನೆಯವರು ನೆಲದಡಿ ಸುರಂಗ ತೋಡಿ ಎಣ್ಣೆ ಹೀರಿದ ಮರಳನ್ನು ಹೊರತೆಗೆಯುತ್ತಿದ್ದರು. ಆ ಮರಳನ್ನು ನೀರಲ್ಲಿ ಕುದಿಸಿದರೆ ಬಿಟುಮೆನ್ ಮೇಲೆ ತೇಲುತ್ತದೆ, ಅದನ್ನು ಬಳಿದುಕೊಳ್ಳುವುದು. ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯಾಗಿ ಅದು ಮಾರಾಟವಾಗುತ್ತಿತ್ತು. ಜೊತೆಗೆ ಹೊಲವೂ ಇತ್ತು, ದನಗಳಿದ್ದವು, ತಿಪ್ಪೆಯಿತ್ತು. ರೈತ ಅಂದದ್ದು ನಿಜಕ್ಕೇ.

ಮಾವನ ಮನೆಯ ಈ ಕಪ್ಪು ಅಂಟನ್ನು ಅಳಿಯ ಭಟ್ಟಿಗೆ ಏರಿಸಿದ. 200 ಡಿಗ್ರಿಗೂ ಮೇಲೆ ಬಹಳ ಹೊತ್ತು ಕಾಯಿಸಿದಾಗ ತಿಳಿ ಹಳದಿ ಎಣ್ಣೆಯೊಂದು ಹಾರಿ ಬಂತು. ಅದಕ್ಕೆ ಪೆಟ್ರೋಲೀನ್ ಎಂದು ಹೆಸರಿಟ್ಟ. ತಳದಲ್ಲಿ ಉಳಿದದ್ದು ಹೊಳೆಯುವ ಕಪ್ಪು ಗಟ್ಟಿ. ಆಲ್ಕೋಹಾಲ್‌ನಲ್ಲಿ ಕರಗದು, ಟರ್ಪೆಂಟೈನ್‌ನಲ್ಲಿ ಕರಗುತ್ತದೆ. ಆಸ್ಫಾಲ್ಟಿನ ಗುಣವೆಲ್ಲ ಇದರದ್ದೇ ಎಂದು ತೋರಿದ್ದರಿಂದ ಇದು ಆಸ್ಫಾಲ್ಟೀನ್. 1837ರಲ್ಲಿ ಬಿಟುಮೆನ್‌ಗಳ ರಚನೆಯ ಬಗ್ಗೆ ಆತ ಪ್ರಕಟಿಸಿದ ಪ್ರಬಂಧದಲ್ಲಿ ಈ ಪದ ಬಂತು. ಬಿಟುಮೆನ್ ಎಂದರೆ ಎಣ್ಣೆಯಲ್ಲಿ ಕರಗಿಕೊಂಡಿರುವ ಈ ಗಟ್ಟಿ ಎಂದು ಆತ ತಿಳಿದ. ಪೆಟ್ರೋಲೀನ್‌ಗೆ ಆಕ್ಸಿಜನ್ ಸೇರಿದರೆ ಆಸ್ಫಾಲ್ಟೀನ್ ಆಗುತ್ತದೆಂಬುದು ಆತನ ಲೆಕ್ಕ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನನ್ನ ಫಿಲ್ಟರ್ ಪೇಪರಿನ ಮೇಲಿದ್ದದ್ದು ಇದೇ ವಸ್ತು, ಮತ್ತು ಇದೇ ವಸ್ತು ಅಲ್ಲ. ಆತ ಕಾಯಿಸಿ ಬೇರ್ಪಡಿಸಿದ, ನಾವು ಹೆಪ್ಟೇನ್‌ನಿಂದ. ಇಂದು ಆಸ್ಫಾಲ್ಟೀನ್ ಎಂದರೆ ಹೆಪ್ಟೇನ್‌ನಲ್ಲಿ ಕರಗದ, ಟಾಲ್ವಿನ್‌ನಲ್ಲಿ ಕರಗುವ ಭಾಗ. ಹೆಪ್ಟೇನ್ ಬದಲು ಪೆಂಟೇನ್ ಬಳಸಿದರೆ ಹೆಚ್ಚು ಪುಡಿ ಬೀಳುತ್ತದೆ. ಬೆಂಜೀನ್‌ಗೆ ಸೂತ್ರವಿದೆ, ಉಪ್ಪಿಗಿದೆ, ಸಕ್ಕರೆಗಿದೆ. ಇದಕ್ಕೆ ಇಲ್ಲ. ಯಾವುದರೊಂದಿಗೆ ಬೆರೆಯುವುದಿಲ್ಲ ಎಂಬುದರಿಂದಲೇ ಇದರ ಗುರುತು. ಹಾಸ್ಟೆಲಿನಲ್ಲಿ ಅಂಥ ಹುಡುಗರು ಒಬ್ಬಿಬ್ಬರು ಇರುತ್ತಾರೆ.

ಇದರ ಅಣು ಹೇಗಿದೆ ಎಂಬ ಜಗಳ ನೂರು ವರ್ಷಕ್ಕೂ ಮೀರಿ ನಡೆಯಿತು. ಒಬ್ಬರು ಅಳೆದರೆ ಅಣುಭಾರ ಸಾವಿರದೊಳಗೆ, ಇನ್ನೊಬ್ಬರು ಅಳೆದರೆ ಲಕ್ಷ. ಅಳೆಯುವವರ ಕೈ ಕೆಟ್ಟದ್ದಿರಲಿಲ್ಲ. ಈ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗುಂಪನ್ನು ತೂಗಿ ಒಂದೇ ಅಣು ಎಂದುಕೊಂಡಿದ್ದರು. ಈಗ ಒಪ್ಪಿರುವ ಚಿತ್ರದಲ್ಲಿ ಒಂದು ಅಣುವಿನ ಭಾರ ಸರಾಸರಿ 750ರ ಆಸುಪಾಸು. ನಡುವೆ ಜೇನುಗೂಡಿನ ಕಣ್ಣುಗಳಂತೆ ಒಂದಕ್ಕೊಂದು ಹೆಣೆದ ಸುಮಾರು ಏಳು ಇಂಗಾಲದ ಉಂಗುರಗಳು, ಚಪ್ಪಟೆಯಾದ ರೊಟ್ಟಿಯ ಹಾಗೆ. ಅಂಚಿನಲ್ಲಿ ಬಾಲದಂತೆ ಇಂಗಾಲದ ಸರಪಳಿಗಳು. ಅಲ್ಲಲ್ಲಿ ಗಂಧಕ, ನೈಟ್ರೋಜನ್, ಆಕ್ಸಿಜನ್. ಪುಡಿಯಲ್ಲಿ ಒಂದಿಷ್ಟು ವೆನೇಡಿಯಂ, ನಿಕ್ಕಲ್ ಕೂಡ. ರೊಟ್ಟಿಯ ಮೇಲೆ ರೊಟ್ಟಿ ಇಟ್ಟಂತೆ ನಡುಭಾಗಗಳು ಅಂಟಿಕೊಳ್ಳುತ್ತವೆ. ಬಾಲಗಳು ಅಡ್ಡ ಬರುವುದರಿಂದ ಆರೇಳಕ್ಕಿಂತ ಹೆಚ್ಚು ಜೋಡಿಸಲಾಗುವುದಿಲ್ಲ. ಅಂಥ ಸಣ್ಣ ಗುಂಪುಗಳು ಸೇರಿ ದೊಡ್ಡ ಗುಂಪಾಗುತ್ತವೆ. 1960ರ ದಶಕದಲ್ಲಿ ಯೆನ್ ಎಂಬ ವಿಜ್ಞಾನಿ ಹಾಕಿದ ಈ ನಕ್ಷೆಯನ್ನು 2010ರ ಹೊತ್ತಿಗೆ ಮಲಿನ್ಸ್ ಎಂಬಾತ ತಿದ್ದಿದ. 2015ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದವರು ಆತನ ಜೊತೆ ಸೇರಿ, ಅತಿ ಸೂಕ್ಷ್ಮ ಮೊನೆಯೊಂದನ್ನು ಒಂದೊಂದೇ ಅಣುವಿನ ಮೇಲೆ ಆಡಿಸಿ ಚಿತ್ರ ತೆಗೆದರು. ನೂರಕ್ಕೂ ಹೆಚ್ಚು ಅಣುಗಳನ್ನು ನೋಡಿದರು, ಒಂದರಂತೆ ಇನ್ನೊಂದಿರಲಿಲ್ಲ.

ಕಚ್ಚಾ ತೈಲದಲ್ಲಿ ಇವು ಸುಮ್ಮನೆ ತೇಲಿಕೊಂಡಿರುತ್ತವೆ. ಬಾವಿಯಿಂದ ತೈಲ ಮೇಲೇರುವಾಗ ಒತ್ತಡ ಇಳಿದರೆ ಅದರ ಹಗುರ ಭಾಗ ಹಿಗ್ಗುತ್ತದೆ. ಆಗ ಇವಕ್ಕೆ ಆಸರೆ ತಪ್ಪಿ ಕೊಳವೆಯ ಗೋಡೆಗೆ ಹತ್ತಿಕೊಳ್ಳುತ್ತವೆ, ರಕ್ತನಾಳದಲ್ಲಿ ಕೊಬ್ಬು ಕಟ್ಟಿದಂತೆ. ರಿಫೈನರಿಯಲ್ಲಿ ಇವು ಕ್ಯಾಟಲಿಸ್ಟನ್ನು ಕೆಡಿಸುತ್ತವೆ. ಆದರೆ ರಸ್ತೆಗೆ ಗಡಸುತನ ಕೊಡುವುದು ಇವೇ. ಬಿಸಿಲಿಗೆ ಗಾಳಿಗೆ ವರ್ಷಗಟ್ಟಲೆ ಬಿದ್ದ ಡಾಂಬರು ಆಕ್ಸಿಜನ್ ಹೀರುತ್ತದೆ, ಅದರಲ್ಲಿ ಆಸ್ಫಾಲ್ಟೀನ್ ಹೆಚ್ಚುತ್ತದೆ, ರಸ್ತೆ ಪೆಡಸಾಗಿ ಬಿರಿಯುತ್ತದೆ. ಇದನ್ನು ಓದಿದಾಗ ನನಗೆ ಬೂಸೆಂಗೊನ ಆಕ್ಸಿಜನ್ ಲೆಕ್ಕ ನೆನಪಾಯಿತು. ಆತನ ಸೂತ್ರ ಇವತ್ತು ನಿಲ್ಲುವುದಿಲ್ಲ. ಆದರೆ ನೋಡಿದ ದಿಕ್ಕು ಪೂರ್ತಿ ತಪ್ಪೂ ಅಲ್ಲ.

ಇಷ್ಟು ಮಾಡಿ ಆತ ಆಸ್ಫಾಲ್ಟೀನನ್ನು ಬಿಟ್ಟು ಹೊಲಕ್ಕೆ ಇಳಿದ. ಆ ಕಾಲದ ರಸಾಯನಶಾಸ್ತ್ರಜ್ಞರು ಬೇಸಾಯದ ಬಗ್ಗೆ ಮೇಜಿನ ಮುಂದೆ ಕೂತು ಬರೆಯುತ್ತಿದ್ದಾಗ ಈತ ತಕ್ಕಡಿಯನ್ನು ಹೊಲಕ್ಕೇ ಒಯ್ದ. ಹಾಕಿದ ಗೊಬ್ಬರವೆಷ್ಟು, ಬಂದ ಬೆಳೆಯೆಷ್ಟು, ಎರಡರಲ್ಲೂ ಇಂಗಾಲ, ನೈಟ್ರೋಜನ್ ಎಷ್ಟೆಷ್ಟು ಎಂದು ವರ್ಷವರ್ಷ ಲೆಕ್ಕವಿಟ್ಟ. ಬೆಳೆ ಬದಲಾಯಿಸುತ್ತ ಹೋದ ಹೊಲದಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಗೊಬ್ಬರದಲ್ಲಿ ಇದ್ದುದಕ್ಕಿಂತ ಹೆಚ್ಚು ನೈಟ್ರೋಜನ್ ಬೆಳೆಯಲ್ಲಿತ್ತು. ಹೆಚ್ಚಿನದು ಬಂದದ್ದು ಕ್ಲೋವರ್‌ನಂಥ ಬೆಳೆ ಇದ್ದ ಕಡೆ. 1838ರ ಹೊತ್ತಿಗೆ ಕುಂಡದಲ್ಲಿ, ಸುಟ್ಟು ಶುದ್ಧ ಮಾಡಿದ ಮಣ್ಣಿನಲ್ಲಿ ಬೆಳೆಸಿ ನೋಡಿದ. ಕ್ಲೋವರ್ ಮತ್ತು ಬಟಾಣಿ ಎಲ್ಲಿಂದಲೋ ನೈಟ್ರೋಜನ್ ಗಳಿಸಿದವು. ಗೋಧಿ, ಓಟ್ಸ್ ಗಳಿಸಲಿಲ್ಲ.

ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಕಡಲೆ ಬೆಳೆದ ನೆಲದಲ್ಲಿ ಮುಂದಿನ ವರ್ಷ ಜೋಳ ಚಲೋ ಬರ್ತದೆ ಅನ್ನಲಿಕ್ಕೆ ಫ್ರಾನ್ಸಿನವನು ಬೇಕಾಯಿತೇನು ಎಂದು ನಕ್ಕರು. ಬೇಕಾಗಲಿಲ್ಲ, ನಿಜ. ಆದರೆ ಎಷ್ಟು ಚಲೋ, ಯಾಕೆ ಚಲೋ ಎಂದು ತೂಗಿ ತೋರಿಸಿದವರಲ್ಲಿ ಈತ ಮೊದಲಿಗ. 1839ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಆತನನ್ನು ಸೇರಿಸಿಕೊಂಡಿತು. 1841ರಲ್ಲಿ ಡ್ಯೂಮಾ ಜೊತೆ ಸೇರಿ ಗಾಳಿಯಲ್ಲಿನ ಆಕ್ಸಿಜನ್ ತೂಕವನ್ನು ಬಹಳ ನಿಖರವಾಗಿ ಅಳೆದ.

1848ರಲ್ಲಿ ಫ್ರಾನ್ಸ್‌ನಲ್ಲಿ ಕ್ರಾಂತಿಯಾಗಿ ಗಣರಾಜ್ಯ ಬಂದಾಗ ಆಲ್ಸೇಸಿನಿಂದ ಗೆದ್ದು ರಾಷ್ಟ್ರೀಯ ಸಭೆಗೂ ಹೋದ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ನನಗೆ ಕಾಣಲಿಲ್ಲ. ಮೂರು ವರ್ಷದಲ್ಲಿ ಗಾಳಿ ತಿರುಗಿತು, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಆತನನ್ನು ಪ್ರೊಫೆಸರ್ ಹುದ್ದೆಯಿಂದ ತೆಗೆದರು. ಆಗ ಜೊತೆಯ ಪ್ರೊಫೆಸರರೆಲ್ಲ ಒಟ್ಟಾಗಿ ರಾಜೀನಾಮೆ ಕೊಡುತ್ತೇವೆಂದು ನಿಂತರು. ಸರ್ಕಾರ ಹುದ್ದೆಯನ್ನು ವಾಪಸ್ ಕೊಟ್ಟಿತು. ವಿಜ್ಞಾನಿಗಳು ಒಟ್ಟಾಗಿ ನಿಂತ ಕಥೆ ಅಪರೂಪ, ಅದಕ್ಕೇ ಬರೆದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ನಂತರದ್ದು. 1838ರ ತನ್ನದೇ ಪ್ರಯೋಗ ಆತನಿಗೆ ಸಮಾಧಾನ ಕೊಟ್ಟಿರಲಿಲ್ಲ. ಕುಂಡಗಳು ಬಯಲಿಗೆ ತೆರೆದಿದ್ದವು. ಧೂಳು ಬಿದ್ದಿರಬಹುದು, ಗಾಳಿಯಲ್ಲಿನ ಅಮೋನಿಯಾ ಸೇರಿರಬಹುದು. 1850ರ ದಶಕದ ಮೊದಲಲ್ಲಿ ಆತ ಎಲ್ಲವನ್ನೂ ಮತ್ತೆ ಮಾಡಿದ, ಈ ಸಲ ಮುಚ್ಚಿದ ಗಾಜಿನ ಪಾತ್ರೆಗಳಲ್ಲಿ. ಮಣ್ಣನ್ನು ಕೆಂಪಗೆ ಕಾಯಿಸಿದ, ನೀರನ್ನು ಭಟ್ಟಿ ಇಳಿಸಿದ. ಧೂಳಿನ ಒಂದು ಕಣವೂ ಒಳಗೆ ಹೋಗದಂತೆ ನೋಡಿಕೊಂಡ. ಈ ಸಲ ಗಿಡಗಳು ನೈಟ್ರೋಜನ್ ಗಳಿಸಲಿಲ್ಲ. ದ್ವಿದಳ ಗಿಡಗಳೂ ಗಳಿಸಲಿಲ್ಲ. ಸಸ್ಯಗಳು ಗಾಳಿಯ ನೈಟ್ರೋಜನ್ ಬಳಸಲಾರವು ಎಂದು ಆತ ಪ್ರಕಟಿಸಿದ, ತನ್ನ ಹಳೆಯ ಫಲಿತಾಂಶಕ್ಕೆ ತಾನೇ ಎದುರು ನಿಂತು. ಇಂಗ್ಲೆಂಡಿನ ರೊಥಮ್‌ಸ್ಟೆಡ್‌ನಲ್ಲಿ ಅದೇ ರೀತಿ ಎಚ್ಚರದಿಂದ ಮಾಡಿದವರಿಗೂ ಅದೇ ಉತ್ತರ ಬಂತು. ಪ್ರಶ್ನೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ತಪ್ಪಾಗಿದ್ದು ಆತನ ಅಚ್ಚುಕಟ್ಟುತನದಲ್ಲಿ. ಕಡಲೆಯ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವಲ್ಲ, ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದು ಗಿಡಕ್ಕೆ ಕೊಡುತ್ತವೆ. ಮಣ್ಣನ್ನು ಕಾಯಿಸಿ ಆತ ಅವನ್ನೇ ಸುಟ್ಟಿದ್ದ. ಪಾತ್ರೆ ಮುಚ್ಚಿ ಅವು ಮರಳಿ ಬರುವ ದಾರಿಯನ್ನೂ ಮುಚ್ಚಿದ್ದ. ಮೊದಲ ಸಲ ತೆರೆದ ಕುಂಡಕ್ಕೆ ಬಿದ್ದ ಧೂಳು ಆತನಿಗೆ ದೋಷವಾಗಿ ಕಂಡಿತ್ತು. ಉತ್ತರ ಬಂದಿದ್ದೇ ಆ ಧೂಳಿನಲ್ಲಿ. 1886ರಲ್ಲಿ ಹೆಲ್‌ರೀಗೆಲ್ ಎಂಬ ಜರ್ಮನ್ ವಿಜ್ಞಾನಿ ಗಂಟುಗಳ ಗುಟ್ಟನ್ನು ಬರ್ಲಿನ್‌ನಲ್ಲಿ ಹೇಳಿದ. ವಿವರವಾದ ವರದಿ ಅಚ್ಚಾದದ್ದು 1888ರಲ್ಲಿ. ಬೂಸೆಂಗೊ 1887ರ ಮೇ 11ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡಿದ್ದ.

ಅದಕ್ಕೆ ಮೊದಲೇ, 1871ರ ಯುದ್ಧದಲ್ಲಿ ಆಲ್ಸೇಸ್ ಜರ್ಮನಿಯ ಪಾಲಾಗಿತ್ತು. 1878ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆತನಿಗೆ ಕಾಪ್ಲಿ ಪದಕ ಕೊಟ್ಟಿತ್ತು. ಹೆಂಡತಿಯ ತವರಿನ ಹುಡುಗ ಜೋಸೆಫ್ ಲ ಬೆಲ್, ಪೆಶೆಲ್‌ಬ್ರಾನ್‌ನಲ್ಲೇ ಹುಟ್ಟಿದವನು, 1874ರಲ್ಲಿ ಇಂಗಾಲದ ನಾಲ್ಕು ಕೈಗಳು ಚಪ್ಪಟೆಯಾಗಿ ಅಲ್ಲ, ನಾಲ್ಕು ಮೂಲೆಗೆ ಚಾಚಿರುತ್ತವೆ ಎಂದು ತೋರಿಸಿದ. ಪಿಯುಸಿಯಲ್ಲಿ ನಾವು ಬೆಂಕಿಕಡ್ಡಿ ಚುಚ್ಚಿ ಮಾಡಿದ ಮೀಥೇನ್ ಗೊಂಬೆ ಆ ಮನೆಯದ್ದೇ. 1927ರಲ್ಲಿ ತೈಲಬಾವಿಯೊಳಗೆ ವಿದ್ಯುತ್ ಉಪಕರಣ ಇಳಿಸಿ ನೆಲದ ಪದರಗಳನ್ನು ಮೊದಲ ಬಾರಿ ಅಳೆದದ್ದೂ ಪೆಶೆಲ್‌ಬ್ರಾನ್‌ನಲ್ಲೇ, ಷ್ಲುಂಬರ್ಜರ್ ಸಹೋದರರ ತಂಡ. ಒಂದು ಸಣ್ಣ ಊರು, ಎಷ್ಟೊಂದು ಕೆಲಸ.

ಇದೆಲ್ಲ ಓದಿ ಮುಗಿಸಿದ ವಾರ ನಾನು ಲ್ಯಾಬ್ ಅಸಿಸ್ಟೆಂಟ್ ಸರ್ ಹತ್ತಿರ ಹೋಗಿ, ಸಂಜೆ ಒಂದು ಗಂಟೆ ಕೂರಲು ಕೇಳಿದೆ. ಆ ಒಂದು ಗಂಟೆ ಮೂರು ಸಂಜೆಯಾಯಿತು. ಮೊದಲು ಬಂದದ್ದು 11.2. ಎರಡನೆಯದನ್ನು ಬೇಕೆಂದೇ ಅರೆಬರೆ ತೊಳೆದೆ, 16.5 ಬಂತು. ಆ ದಿನದ ನಮ್ಮ 17 ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು. ಬಸ್ಸಿನ ಅವಸರದಲ್ಲಿ ಎರಡನೇ ಸಲ ಫಿಲ್ಟರ್ ಪೇಪರನ್ನು ಸರಿಯಾಗಿ ತೊಳೆದಿರಲಿಲ್ಲ. ಆಸ್ಫಾಲ್ಟೀನ್ ಕೆಳಗೆ ಬೀಳುವಾಗ ಪಕ್ಕದ ರಾಳದಂಥ ಭಾಗವನ್ನೂ ಹಿಡಿದುಕೊಂಡೇ ಬೀಳುತ್ತದೆ. ತೊಳೆಯದಿದ್ದರೆ ಅದರ ತೂಕವೂ ಸೇರಿ ಬರುತ್ತದೆ. ಅಂದರೆ ನಮ್ಮ ಎರಡು ಅಂಕಿಗಳ ನಡುವಿನ ಆ ಆರರಲ್ಲಿ, ಈ ವಸ್ತು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಪೂರ್ತಿ ಇತ್ತು. ನಾನು ಅದನ್ನು ಅಳಿಸಿ 12.4 ಬರೆದಿದ್ದೆ.

ಪಾರ್ಟ್ನರ್‌ಗೆ ಹೇಳಿದೆ. ಮಾರ್ಕ್ಸ್ ಬಂದಾಯ್ತಲ್ಲ ಬಿಡೋ ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ತೊಳೆದ ಹೆಪ್ಟೇನ್ ಆ ದಿನ ಇನ್ನೂ ಕಂದು ಬಣ್ಣ ಇತ್ತು, ನನಗೆ ನೆನಪಿದೆ ಅಂದ. ಅದನ್ನು ನಾವು ಎಲ್ಲೂ ಬರೆದಿರಲಿಲ್ಲ.

ರೆಕಾರ್ಡ್ ಈಗ ನನ್ನ ಟ್ರಂಕಿನಲ್ಲಿದೆ. ಸಹಿಯಾದ ಪುಟದ ಕೆಳಗೆ ಜಾಗ ಉಳಿದಿತ್ತು. ಅಲ್ಲಿ 11, 17, ಎರಡನೆಯದನ್ನು ತೊಳೆದದ್ದು ಸಾಲದು, ತೊಳೆದ ದ್ರಾವಕ ಕಂದು ಎಂದು ಪೆನ್ನಿನಲ್ಲೇ ಬರೆದು ತಾರೀಕು ಹಾಕಿದ್ದೇನೆ.